ಹೊಸದಾಗಿ ಟ್ರೈಲರ್ ಹತ್ತಿದ ತಮ್ಮನಿಗೆ



ಹೆವಿ ಲೈಸೆನ್ಸ್ ಕೈಗೆ ಬಂದಿದೆ, ತೋರಣಗಲ್ಲಿನ ಕಡೆ ಟ್ರೈಲರ್ ಕಂಪನಿಯಲ್ಲಿ ಕೆಲಸ ಸಿಕ್ಕಿದೆ ಎನ್ನುವ ಹುಡುಗರು ಈಗ ಬಳ್ಳಾರಿ, ಹೊಸಪೇಟೆ, ಕೊಪ್ಪಳದ ಸುತ್ತ ಊರೂರಲ್ಲೂ ಸಿಗುತ್ತಾರೆ. ಅವರಲ್ಲಿ ನೀನೂ ಒಬ್ಬ. ಉಕ್ಕಿನ ಕಾರ್ಖಾನೆ ಇರುವ ಕಡೆ ಟ್ರೈಲರಿಗೆ ಬಿಡುವಿಲ್ಲ. ಕಾಯಿಲು, ಪ್ಲೇಟು, ಕಂಬಿ ಹೊತ್ತ ಗಾಡಿಗಳು ಬೆಂಗಳೂರು, ಚೆನ್ನೈ, ಪುಣೆ ಕಡೆಗೆ ಹಗಲೂ ರಾತ್ರಿ ಹೊರಡುತ್ತಲೇ ಇರುತ್ತವೆ. ಈ ದುಡಿಮೆಯಿಂದಲೇ ಮನೆ ಕಟ್ಟಿಸಿ, ಮಕ್ಕಳನ್ನು ಓದಿಸಿದವನು ನಾನು. ಅದರ ಮೇಲಿನ ಅಭಿಮಾನದಿಂದ, ನಿನ್ನ ಮೇಲಿನ ಕಾಳಜಿಯಿಂದ ನಾಲ್ಕು ಮಾತು ಬರೆಯುತ್ತಿದ್ದೇನೆ. ಸಮಾಧಾನವಾಗಿ ಕೂತು ಓದು.

ತೆರೆದ ಟ್ರೈಲರಿನಲ್ಲಿ ಸ್ಟೀರಿಂಗ್ ಹಿಡಿಯುವುದು ಅರ್ಧ ಕೆಲಸ ಮಾತ್ರ. ಲೋಡು ಕಟ್ಟುವುದು, ಕಟ್ಟಿದ್ದನ್ನು ಕಣ್ಣಿಟ್ಟು ನೋಡುವುದು, ನೋಡಿದ್ದು ಮನಸ್ಸಿಗೆ ಒಪ್ಪದಿದ್ದರೆ ಗಾಡಿ ಹೊರಡಿಸದೆ ಇರುವುದು ಉಳಿದರ್ಧ. ಬಾಡಿ ಕಟ್ಟಿದ ಲಾರಿಗೆ ಸುತ್ತ ಹಲಗೆ ಇರುತ್ತದೆ, ಕಂಟೇನರಿಗೆ ಗೋಡೆ ಇರುತ್ತದೆ. ನಿನ್ನ 40 ಅಡಿ ಡೆಕ್ಕಿನ ಮೇಲೆ ಲೋಡನ್ನು ಹಿಡಿದಿಡುವುದು ಸರಪಳಿ, ಬೆಲ್ಟು ಮತ್ತು ಮರದ ದಿಮ್ಮಿ ಮಾತ್ರ. ಕ್ರೇನಿನವರು ಇಡುತ್ತಾರೆ, ಕೂಲಿಯವರು ಕಟ್ಟುತ್ತಾರೆ, ಗೇಟಿನವರು ಪಾಸ್ ಕೊಡುತ್ತಾರೆ. ಗೇಟು ದಾಟಿದ ಮೇಲೆ ಅವರು ಯಾರೂ ನಿನ್ನ ಜೊತೆ ಬರುವುದಿಲ್ಲ. ನಮ್ಮ ಅಪ್ಪಂದಿರು ಚಕ್ಕಡಿಗೆ ಮೇವು ಹೇರಿದಾಗ, ಆಳು ಎಷ್ಟೇ ಬಿಗಿದು ಕಟ್ಟಿದ್ದರೂ ತಾವೊಮ್ಮೆ ಹಗ್ಗ ಜಗ್ಗಿ ನೋಡದೆ ಎತ್ತು ಹೂಡುತ್ತಿರಲಿಲ್ಲ. ಆ ರೂಢಿಯನ್ನು ನೀನು ಬಿಡಬೇಡ.

ಉಕ್ಕಿನ ಕಾಯಿಲನ್ನೇ ತೆಗೆದುಕೋ. ಒಂದೊಂದು 20–25 ಟನ್ ತೂಗುವುದು ಸಾಮಾನ್ಯ. ಅದು ಗುಂಡಗಿದೆ, ಉರುಳಲು ಕಾದು ಕೂತಿದೆ. ಜೋರಾಗಿ ಬ್ರೇಕ್ ಹಾಕಿದಾಗ ಲೋಡು ಮುಂದಕ್ಕೆ ನುಗ್ಗುವ ಬಲ ಅದರ ತೂಕದ ನೂರಕ್ಕೆ 80 ಪಾಲು ಎಂದು ಲೆಕ್ಕ ಹಿಡಿದೇ ಅಮೆರಿಕ, ಯುರೋಪಿನಲ್ಲಿ ಲೋಡು ಕಟ್ಟುವ ನಿಯಮ ಮಾಡಿದ್ದಾರೆ. ಅಂದರೆ 25 ಟನ್ ಕಾಯಿಲು 20 ಟನ್ ಬಲದಿಂದ ಮುಂದಕ್ಕೆ ತಳ್ಳುತ್ತದೆ. ಅದರ ಮುಂದೆ ಇರುವುದು ಕ್ಯಾಬಿನ್, ಕ್ಯಾಬಿನ್ನಿನಲ್ಲಿ ಇರುವವನು ನೀನು. ಕ್ಯಾಬಿನ್ನಿನ ಹಿಂದಿನ ತಗಡು ಅದನ್ನು ತಡೆಯಲಾರದು. ಲೋಡನ್ನು ಹಿಡಿಯಬೇಕಾದದ್ದು ಡೆಕ್ಕಿನ ಮೇಲೆಯೇ.

ಆದ್ದರಿಂದ ಗಾಡಿಯ ಸುತ್ತ ನಡೆದು ನೋಡು. ಕಾಯಿಲಿನ ಬುಡದ ಎರಡೂ ಬದಿ ದಿಮ್ಮಿ ಕೊಟ್ಟಿದ್ದಾರೆಯೇ? ದಿಮ್ಮಿ ಸೀಳಿಲ್ಲ ತಾನೆ? ಸರಪಳಿ ಕಾಯಿಲಿನ ಕಣ್ಣೊಳಗಿಂದ ಹಾದು ಎದುರುಬದುರು ದಿಕ್ಕಿಗೆ ಎಳೆದು ನಿಂತಿದೆಯೇ? ಎಲ್ಲ ಸರಪಳಿಯೂ ಒಂದೇ ಕಡೆಗೆ ಎಳೆಯುತ್ತಿದ್ದರೆ ಇನ್ನೊಂದು ಕಡೆಗೆ ಕಾಯಿಲು ಸ್ವತಂತ್ರ. ಕೊಕ್ಕೆಯನ್ನು ಚಾಸಿಗೆ ಸೇರಿದ ಗಟ್ಟಿ ಕೊಂಡಿಗೆ ಹಾಕಿದ್ದಾರೋ, ಬದಿಯ ತೆಳು ಪಟ್ಟಿಗೆ ಸಿಕ್ಕಿಸಿದ್ದಾರೋ? ಬೆಲ್ಟು ಹಾಕಿದ್ದರೆ ಉಕ್ಕಿನ ಅಂಚು ತಗಲುವಲ್ಲಿ ರಬ್ಬರು ತುಂಡು ಕೊಟ್ಟಿದ್ದಾರೆಯೇ? ಕಾಯಿಲಿನ ಅಂಚು ಕತ್ತಿಯ ಹಾಗೆಯೇ ಕೆಲಸ ಮಾಡುತ್ತದೆ. ಗಾಡಿ ಅಲುಗಿದ ಹಾಗೆಲ್ಲ ಬೆಲ್ಟಿನ ಎಳೆಗಳನ್ನು ಒಂದೊಂದಾಗಿ ಕೊಯ್ಯುತ್ತದೆ, ಹೊರಗೆ ನಿಂತು ನೋಡುವವನಿಗೆ ಬಿಗಿಯಾಗಿಯೇ ಕಾಣುತ್ತದೆ.

ಹೈವೇ ಸೇರಿದ ಸ್ವಲ್ಪ ಹೊತ್ತಿಗೆ ಅಗಲವಾದ ಜಾಗ ನೋಡಿ ನಿಲ್ಲಿಸು. ಇಳಿದು ಸರಪಳಿ ಹಿಡಿದು ನೋಡು. ಹೊರಡುವಾಗ ಕಲ್ಲಿನಂತಿದ್ದ ಸರಪಳಿ ಕೈಗೆ ಸಡಿಲ ಸಿಕ್ಕರೆ ಆಶ್ಚರ್ಯಪಡಬೇಡ. ಅದನ್ನು ಯಾರೂ ಬಿಚ್ಚಿಲ್ಲ. ಕಾಯಿಲಿನ ಭಾರಕ್ಕೆ ಮರ ಅದುಮಿಕೊಂಡಿರುತ್ತದೆ, ಕೊಂಡಿಗಳು ಒಂದರೊಳಗೊಂದು ಕೂತಿರುತ್ತವೆ. ಆ ಕೂದಲೆಳೆಯಷ್ಟು ಸಡಿಲವೇ ಮುಂದೆ ಕೈಯಗಲ ಆಗುವುದು. ಮತ್ತೆ ಬಿಗಿ ಮಾಡು. ಅಮೆರಿಕದಲ್ಲಿ ಇದು ಕಾನೂನೇ ಆಗಿದೆ: ಹೊರಟ ಮೊದಲ 50 ಮೈಲಿಯೊಳಗೆ, ಅಂದರೆ 80 ಕಿ.ಮೀ. ಒಳಗೆ, ಒಮ್ಮೆ ನೋಡಬೇಕು. ಆಮೇಲೆ ಡ್ರೈವರನ ಡ್ಯೂಟಿ ಸ್ಥಿತಿ ಬದಲಾದಾಗ, 3 ಗಂಟೆಗೊಮ್ಮೆ, ಇಲ್ಲವೆ 150 ಮೈಲಿಗೊಮ್ಮೆ, ಯಾವುದು ಮೊದಲೋ ಆಗ ನೋಡಬೇಕು. ನಮ್ಮಲ್ಲಿ ಕೇಳುವವರಿಲ್ಲ ಎಂದು ನೀನು ಬಿಡಬೇಡ. ಟೀ ಕುಡಿಯಲು ನಿಂತಾಗಲೆಲ್ಲ ಮೊದಲು ಸರಪಳಿ, ಆಮೇಲೆ ಟೀ.

ಟಾರ್ಪಾಲು ಕಟ್ಟಲು ಲೋಡಿನ ಮೇಲೆ ಹತ್ತುವಾಗಲೂ ಜೋಪಾನ. ಮಳೆಯಲ್ಲಿ ನೆಂದ ಉಕ್ಕಿನ ಮೇಲೆ ಕಾಲು ನಿಲ್ಲುವುದಿಲ್ಲ, ಗಾಳಿ ತುಂಬಿದ ಟಾರ್ಪಾಲು ಆಳನ್ನೇ ಎಳೆದು ಬೀಳಿಸುತ್ತದೆ. ಇಳಿಯುವಾಗ ಮುಖ ಗಾಡಿಯ ಕಡೆಗಿರಲಿ, ಜಿಗಿಯಬೇಡ. ಗಾಡಿ ರಸ್ತೆಗಿಳಿಯುವ ಮೊದಲೇ ಡೆಕ್ಕಿನಿಂದ ಬಿದ್ದು ಸೊಂಟ ಕಳೆದುಕೊಂಡ ಡ್ರೈವರುಗಳಿದ್ದಾರೆ.

ತೂಕದ ವಿಷಯದಲ್ಲಿ ಯಾರ ಮಾತನ್ನೂ ನಂಬಬೇಡ, ಕಾಟಾ ಚೀಟಿಯನ್ನು ಮಾತ್ರ ನಂಬು. 2018ರಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ತೂಕದ ಮಿತಿ ಹೆಚ್ಚಿಸಿದಾಗಲೂ ಟ್ರೈಲರ್ ಗಾಡಿಯ ಒಟ್ಟು ತೂಕ 55 ಟನ್ ಮೀರಬಾರದು ಎಂದೇ ಇಟ್ಟಿತು. ನಿನ್ನ ಗಾಡಿಗೆ ಎಷ್ಟು ಎಂಬುದು ಆರ್‌ಸಿಯಲ್ಲಿ ಬರೆದಿದೆ, ಓದಿಕೋ. 2019ರ ಸೆಪ್ಟೆಂಬರಿನಿಂದ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಹೆಚ್ಚಿನ ಲೋಡು ಇಳಿಸುವ ಖರ್ಚು ಬೇರೆ. ಬಾಡಿಯಿಂದ ಹೊರಗೆ ಚಾಚಿದ ಲೋಡಿಗೂ 20,000. ತೂಕ ಮಾಡಿಸಲು ನಿಲ್ಲಿಸದೆ ಓಡಿಸಿಕೊಂಡು ಹೋದರೆ 40,000. ದಂಡ ಮಾಲೀಕ ಕಟ್ಟಿಯಾನು. ಆದರೆ ತೂಕ ಹೆಚ್ಚಾದ ಗಾಡಿಗೆ ಬ್ರೇಕ್ ಹಿಡಿಯದೆ ಹೋದಾಗ ಸೀಟಿನಲ್ಲಿ ಮಾಲೀಕ ಇರುವುದಿಲ್ಲ. ಹೊರಗೆ ಚಾಚಿದ ಕಂಬಿ ಹಿಂದೆ ಬರುವ ಬೈಕಿನವನ ಎದೆಯ ಮಟ್ಟಕ್ಕೇ ಇರುತ್ತದೆ ಎಂಬುದನ್ನೂ ನೆನಪಿಡು.

ಇನ್ನು ಇಳಿಜಾರು. ಪುಣೆ ಕಡೆ ಲೋಡು ಸಿಕ್ಕರೆ ಸಾತಾರಾ ದಾಟಿ ಖಂಬಾಟಕಿ ಘಾಟಿ ಬರುತ್ತದೆ, ಮುಂದೆ ಕಾತ್ರಜ್ ಸುರಂಗದಿಂದ ನವಲೆ ಸೇತುವೆವರೆಗೆ ಉದ್ದನೆಯ ಇಳಿಜಾರು. 2022ರ ನವೆಂಬರಿನಲ್ಲಿ ಅಲ್ಲಿ ಹಿಡಿತ ತಪ್ಪಿದ ಒಂದೇ ಒಂದು ಭಾರಿ ವಾಹನ ಹತ್ತಾರು ವಾಹನಗಳಿಗೆ ಗುದ್ದಿತು. ಇಂಥ ಕಡೆ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡು ಎಂದು ನಿನಗೆ ಹೇಳಿಕೊಡುವವರು ಸಿಗುತ್ತಾರೆ. ಅವರ ಮಾತು ಸುಳ್ಳು. ಈಗಿನ ಬಿಎಸ್‌6 ಗಾಡಿಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಳಿಜಾರಿನಲ್ಲಿ ಎಂಜಿನ್ನಿಗೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್ ಮಾಡಿದರೇ ಐಡಲಿಂಗಿಗೆ ಡೀಸೆಲ್ ಬೇಕು. ಎಂಜಿನ್ ಆಫ್ ಮಾಡಿದರಂತೂ ಏರ್ ಕಂಪ್ರೆಸರ್ ನಿಲ್ಲುತ್ತದೆ, ತುಳಿದಷ್ಟೂ ಬ್ರೇಕಿನ ಗಾಳಿ ಖಾಲಿಯಾಗುತ್ತದೆ, ಸ್ಟೀರಿಂಗ್ ಕಲ್ಲಾಗುತ್ತದೆ. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬಾ, ಎಕ್ಸಾಸ್ಟ್ ಬ್ರೇಕ್ ಹಾಕು, ಗಾಡಿಯನ್ನು ಎಂಜಿನ್ ಹಿಡಿಯಲಿ. ಕಾಲಿನ ಬ್ರೇಕನ್ನು ಉದ್ದಕ್ಕೂ ಒತ್ತಿಕೊಂಡೇ ಇಳಿದರೆ ಡ್ರಮ್ಮು ಕಾದು, ಬೇಕಾದಾಗ ಬ್ರೇಕ್ ಹಿಡಿಯುವುದಿಲ್ಲ. ನಮ್ಮ ಶಿರಾಡಿ ಘಾಟಿಗೂ ಇದೇ ಪಾಠ.

ಬೆಂಗಳೂರು ಹತ್ತಿರವಾದಾಗ ವೇಗ ಇಳಿಸು. 2024ರ ಡಿಸೆಂಬರ್ 21ರಂದು ನೆಲಮಂಗಲದ ಹತ್ತಿರ, ತುಮಕೂರು ಹೆದ್ದಾರಿಯಲ್ಲಿ ಕಂಟೇನರ್ ಲಾರಿಯೊಂದು ಕಾರಿನ ಮೇಲೆ ಉರುಳಿ ಒಂದೇ ಕುಟುಂಬದ 6 ಮಂದಿ ತೀರಿಕೊಂಡರು. ಭಾರದ ಗಾಡಿ ಓಡಿಸುವವರೆಲ್ಲ ಆ ಸುದ್ದಿಯನ್ನು ಪಾಠವೆಂದು ಓದಬೇಕು. ನಮ್ಮ ಗಾಡಿಯನ್ನು ಕಾರಿನ ಹಾಗೆ ಥಟ್ಟನೆ ತಿರುಗಿಸಲಾಗದು. ತಿರುಗಿಸಿದರೆ ಎಳೆಯುವ ಮುಂದಿನ ಗಾಡಿ, ಅಂದರೆ ಹಾರ್ಸ್, ಒಂದು ಕಡೆ, ಹಿಂದಿನ ಟ್ರೈಲರ್ ಇನ್ನೊಂದು ಕಡೆ. ಮುಂದಿನವನು ಏಕಾಏಕಿ ನಿಂತರೆ ನಿನ್ನ ಲೇನಿನಲ್ಲೇ ನಿಲ್ಲಿಸಿಕೊಳ್ಳುವಷ್ಟು ಅಂತರ ಮೊದಲೇ ಇರಬೇಕು. ಯಾರಾದರೂ ಆ ಅಂತರದಲ್ಲಿ ನುಗ್ಗಿದರೆ ಸಿಟ್ಟಾಗಬೇಡ, ಮತ್ತೆ ಹಿಂದೆ ಸರಿ.

ಖಾಲಿ ಟ್ರೈಲರ್ ಇನ್ನೊಂದು ಅಪಾಯ. ಲೋಡಿಲ್ಲದ ಡೆಕ್ಕು ಬರೀ ಒಂದು ಗೆರೆ. ರಾತ್ರಿ ಹೊತ್ತು ಡಿವೈಡರಿನ ಸಂದಿಯಲ್ಲಿ ನೀನು ಯು ಟರ್ನ್ ತೆಗೆಯುವಾಗ ಎದುರಿನ ಕಾರಿನವನಿಗೆ ಹಾರ್ಸ್ ದಾಟಿ ಹೋಗಿದ್ದು ಕಾಣುತ್ತದೆ, ಅದರ ಹಿಂದೆ ರಸ್ತೆಗೆ ಅಡ್ಡಲಾಗಿರುವ ಡೆಕ್ಕು ಕಾಣುವುದಿಲ್ಲ. ಅವನ ಹೆಡ್‌ಲೈಟಿನ ಬೆಳಕು ಡೆಕ್ಕಿನ ಕೆಳಗೆ ಹಾದು ಹೋಗುತ್ತದೆ. ರಸ್ತೆ ಖಾಲಿ ಎಂದುಕೊಂಡು ಅವನು ಅದೇ ವೇಗದಲ್ಲಿ ಬರುತ್ತಾನೆ. ಬದಿಯ ರಿಫ್ಲೆಕ್ಟರ್ ಪಟ್ಟಿಗಳ ಮೇಲೆ ಗಣಿ ಧೂಳು ಕೂತಿದ್ದರೆ ದಿನಾ ಸಂಜೆ ಒದ್ದೆ ಬಟ್ಟೆಯಲ್ಲಿ ಒರೆಸು. ಸೈಡ್ ಲೈಟು ಉರಿಯದಿದ್ದರೆ ಹೊರಡಬೇಡ. ಗಾಡಿ ಕೆಟ್ಟು ನಿಂತರೆ ಹಿಂದೆ ದೂರದಲ್ಲಿ ತ್ರಿಕೋನ ಇಡು, ನಾಲ್ಕು ಕಲ್ಲಿಟ್ಟು ಸುಮ್ಮನಾಗಬೇಡ. ಹೊರಡುವಾಗ ಆ ಕಲ್ಲುಗಳನ್ನು ರಸ್ತೆಯಲ್ಲೇ ಬಿಟ್ಟು ಬರುವುದು ಕೊಲೆಗೆ ಸಮ.

ನಿದ್ದೆಯ ಬಗ್ಗೆ ಒಂದೇ ಲೆಕ್ಕ ಹೇಳುತ್ತೇನೆ. ಗಂಟೆಗೆ 60 ಕಿ.ಮೀ. ಓಡುವ ಗಾಡಿ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಹೋಗುತ್ತದೆ. ಮೂರು ಸೆಕೆಂಡು ರೆಪ್ಪೆ ಮುಚ್ಚಿದರೆ 50 ಮೀಟರ್ ಡ್ರೈವರಿಲ್ಲದೆ ಓಡಿದ ಹಾಗೆ. ಟೀ, ಗುಟ್ಕಾ, ಬೀಡಿ ಯಾವುದೂ ನಿದ್ದೆಗೆ ಬದಲಿಯಲ್ಲ. ನಿದ್ದೆಗೆ ಔಷಧಿ ನಿದ್ದೆಯೇ. ಮೋಟಾರು ಸಾರಿಗೆ ಕಾರ್ಮಿಕರಿಗೆ ದಿನಕ್ಕೆ 8 ಗಂಟೆ ಕೆಲಸ, 5 ಗಂಟೆಯ ನಂತರ ಕನಿಷ್ಠ ಅರ್ಧ ಗಂಟೆ ವಿರಾಮ ಎಂದು ಈ ದೇಶದ ಕಾನೂನು 1961ರಲ್ಲೇ ಬರೆದಿಟ್ಟಿತು. ಹಾಗೆ ನಡೆಸಿಕೊಳ್ಳುವ ಕಂಪನಿಗಳು ಕಡಿಮೆ ಎಂಬುದೂ ನಿಜವೇ. ಆದರೂ ವಿಶ್ರಾಂತಿ ಕೇಳುವುದು ಸೋಮಾರಿತನ ಎಂದು ಯಾರಾದರೂ ಅಂದರೆ ತಲೆ ತಗ್ಗಿಸಬೇಡ. ನೀನು ಕೇಳುತ್ತಿರುವುದು ಕಾನೂನು ಮೊದಲೇ ಒಪ್ಪಿದ ಮಾತು. 2025ರಿಂದ ಹೊಸ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯವಾಗಿದೆ. ಡ್ರೈವರನ ಮೈ ದಣಿದರೆ ರಸ್ತೆಗೇ ಅಪಾಯ ಎಂಬುದನ್ನು ಸರ್ಕಾರವೂ ಒಪ್ಪಿದ ಹಾಗಾಯಿತು.

ಕಾಗದಪತ್ರ ನಿನ್ನ ಜವಾಬ್ದಾರಿ. ಎಲ್‌ಆರ್, ಇನ್‌ವಾಯ್ಸ್, ಇ-ವೇ ಬಿಲ್ಲಿನಲ್ಲಿರುವ ಗಾಡಿ ನಂಬರ್ ನಿನ್ನದೇ ಎಂದು ಹೊರಡುವ ಮೊದಲು ನೋಡಿಕೋ. ಇ-ವೇ ಬಿಲ್ಲಿಗೆ ಸಾಮಾನ್ಯ ಲೋಡಾದರೆ 200 ಕಿ.ಮೀ.ಗೆ ಒಂದು ದಿನದ ಅವಧಿ. ಗಾಡಿ ಕೆಟ್ಟು ತಡವಾದರೆ ಕೂಡಲೇ ಆಫೀಸಿಗೆ ಫೋನ್ ಮಾಡಿ ಅವಧಿ ಹೆಚ್ಚಿಸಲು ಹೇಳು. ಅವಧಿ ಮುಗಿದ 8 ಗಂಟೆಯವರೆಗೂ ಅದಕ್ಕೆ ಅವಕಾಶವಿದೆ. ಭತ್ಯೆ, ಅಡ್ವಾನ್ಸ್, ಡೀಸೆಲಿನ ಲೆಕ್ಕವನ್ನು ಒಂದು ಪುಸ್ತಕದಲ್ಲಿ ಅಂದಂದೇ ಬರೆ. ಬರೆದಿಟ್ಟವನ ಮಾತಿಗೆ ಮಾಲೀಕನ ಮುಂದೆ ತೂಕ ಬರುತ್ತದೆ. ಮೋಟಾರು ಸಾರಿಗೆ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದೇ ಕರ್ನಾಟಕದಲ್ಲಿ ಕಾಯ್ದೆ ಬಂದಿದೆ. ಊರಿಗೆ ಬಂದಾಗ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸಿ ಹೆಸರು ನೋಂದಾಯಿಸು. ನಾಳೆ ನಾಳೆ ಎಂದು ಮುಂದೂಡಿದವರ ಮನೆಯವರೇ ಆಮೇಲೆ ಕಚೇರಿಯಿಂದ ಕಚೇರಿಗೆ ಅಲೆಯುವುದು.

ಎಲ್ಲಕ್ಕಿಂತ ಕಷ್ಟದ ಕೆಲಸ 'ಆಗುವುದಿಲ್ಲ ಸಾಹೇಬರೇ' ಎನ್ನುವುದು. ನೀನು ಹೊಸಬ. ಕೆಲಸ ಹೋದೀತೆಂಬ ಭಯ ಇರುತ್ತದೆ, ಹಿಂದೆ ಸಾಲಾಗಿ ಗಾಡಿಗಳು ಹಾರ್ನ್ ಹೊಡೆಯುತ್ತಿರುತ್ತವೆ, ಸೂಪರ್‌ವೈಸರ್ 'ಎಲ್ಲರೂ ಹೀಗೇ ಹೋಗ್ತಾರೆ, ತೆಗಿ ಗಾಡಿ' ಎನ್ನುತ್ತಾನೆ. ಜಗಳವಾಡಬೇಡ. ಮರ್ಯಾದೆಯಿಂದಲೇ ಹೇಳು: 'ಸಾಹೇಬರೇ, ಈ ಕಡೆ ಇನ್ನೊಂದು ಸರಪಳಿ ಬೇಕು, ಹಾಕಿಸಿಕೊಡಿ, ಐದು ನಿಮಿಷದಲ್ಲಿ ಹೊರಡ್ತೀನಿ.' ಏನು ಕೊರತೆ ಎಂದು ಬೆರಳಿಟ್ಟು ತೋರಿಸಿದವನಿಗೆ ಇಲ್ಲ ಎನ್ನುವವರು ಕಡಿಮೆ. ಫೋಟೋ ತೆಗೆದು ಮಾಲೀಕನಿಗೆ ಕಳಿಸು. ಅವನಿಗೂ ತನ್ನ ಗಾಡಿ ಉಳಿಯುವುದು ಬೇಕು. ಆದರೂ ಒಪ್ಪದೆ, ಹೀಗೇ ಹೋಗು ಎನ್ನುವ ಕಂಪನಿಯಾದರೆ ಕೀಲಿ ಕೊಟ್ಟು ಬಂದುಬಿಡು. ನೆಟ್ಟಗೆ ಟ್ರೈಲರ್ ಓಡಿಸಬಲ್ಲವನಿಗೆ ಇನ್ನೊಂದು ಕಂಪನಿ ಸಿಕ್ಕೇ ಸಿಗುತ್ತದೆ.

ದೂರದ ಊರುಗಳಲ್ಲಿ ಜನ ಕಟ್ಟುವ ಸೇತುವೆ, ಮನೆ, ಶಾಲೆಗಳಿಗೆ ಬೇಕಾದ ಉಕ್ಕು ನಿನ್ನ ಡೆಕ್ಕಿನ ಮೇಲೆ ಹೋಗುತ್ತದೆ. ಡ್ರೈವರ್ ಎಂದರೆ ಮೂಗು ಮುರಿಯುವವರು ಇದ್ದಾರೆ, ಹೆಣ್ಣು ಕೊಡಲು ಹಿಂದೆ ಮುಂದೆ ನೋಡುವವರೂ ಇದ್ದಾರೆ. ಕುಡಿಯದೆ, ಹೇಳಿದ ಹೊತ್ತಿಗೆ, ಹೊತ್ತ ಸರಕನ್ನು ಹೊತ್ತ ಹಾಗೆಯೇ ಮುಟ್ಟಿಸುವವನಿಗೆ ಈ ಕಸುಬಿನಲ್ಲಿ ಗೌರವ ತಾನಾಗಿ ಬರುತ್ತದೆ. ಮುಂದೆ ನಿನ್ನ ಕೈಕೆಳಗೆ ಒಬ್ಬ ಹುಡುಗ ಕ್ಲೀನರ್ ಆಗಿ ಬಂದಾಗ ಅವನಿಗೆ ಮೊದಲ ದಿನವೇ ಸ್ಟೀರಿಂಗ್ ಕೊಡಬೇಡ. ಸರಪಳಿ ಕೊಡು. ಕಟ್ಟುವುದನ್ನು ಕಲಿತ ಮೇಲೆ ಓಡಿಸುವುದನ್ನು ಕಲಿಸು.

ಒಳ್ಳೆಯದಾಗಲಿ.

ಇಂತಿ ನಿನ್ನ ಹಿತ ಬಯಸುವ,
ಹಳೆಯ ಟ್ರೈಲರ್ ಡ್ರೈವರ್