ಪ್ಲೇಗಿನ ಕಾಯಿದೆಯೂ ನಮ್ಮ ಹಳ್ಳಿಗಳ ಆರೋಗ್ಯವೂ

ಬೆಲ್ಲದ ಬಾಗೇವಾಡಿಯೂ ಹುಕ್ಕೇರಿ, ಗೋಕಾಕ ಸೀಮೆಗಳೂ ಮುಂಬಯಿ ಇಲಾಖೆಗೆ ಸೇರಿದ್ದ ಕಾಲವದು. 1896ನೆಯ ಇಸವಿಯಲ್ಲಿ ಮುಂಬಯಿ ಬಂದರದ ಬಳಿಯ ಮಾಂಡವಿ ಪೇಟೆಯಲ್ಲಿ ಪ್ಲೇಗು ಕಾಣಿಸಿಕೊಂಡಿತು. 1898ರಲ್ಲಿ ಅದು ಧಾರವಾಡ, ಹುಬ್ಬಳ್ಳಿಗಳಲ್ಲಿ ಹಬ್ಬಿತ್ತು. ಅರಳೆಯನ್ನೂ ಕಾಳುಕಡಿಯನ್ನೂ ಬಂದರಕ್ಕೆ ಒಯ್ಯಲು ಹಾಸಿದ ಉಗಿಬಂಡಿಯ ಹಾದಿಯೇ ಜಡ್ಡಿಗೂ ಹಾದಿಯಾಯಿತು. ಚೀಲಗಳೊಡನೆ ಇಲಿಗಳೂ, ಇಲಿಗಳೊಡನೆ ಚಿಗಟಗಳೂ ಪ್ರಯಾಣ ಮಾಡಿದವು.

ಈ ಗುಟ್ಟು ಅಂದಿನ ಸರಕಾರಕ್ಕೆ ತಿಳಿದಿರಲಿಲ್ಲ. 1898ರಲ್ಲಿ ಸಿಮೋಂ ಎಂಬ ಫ್ರೆಂಚ್ ವೈದ್ಯನು ಚಿಗಟದ ಮಾತನ್ನೆತ್ತಿದಾಗ ಪಂಡಿತರು ಬಹುಕಾಲ ನಂಬಲಿಲ್ಲ. ಆದರೆ ಅಧಿಕಾರವು ಅರಿವಿಗಾಗಿ ಕಾದು ಕುಳಿತುಕೊಳ್ಳಲಿಲ್ಲ. 1897ರ ಫೆಬ್ರವರಿಯಲ್ಲಿಯೇ ಸಾಂಕ್ರಾಮಿಕ ರೋಗಗಳ ಕಾಯಿದೆ ಹೊರಟಿತು. ನಾಲ್ಕೇ ಕಲಮುಗಳ ಪುಟ್ಟ ಕಾಯಿದೆ. ಸರಕಾರವು ಬೇಕೆನಿಸಿದ ಆಜ್ಞೆಯನ್ನು ಹೊರಡಿಸಬಹುದು, ರೈಲಿನಲ್ಲಿ ಬಂದವರನ್ನು ಪರೀಕ್ಷಿಸಬಹುದು, ಬೇರ್ಪಡಿಸಬಹುದು, ಮೀರಿದವರಿಗೆ ಶಿಕ್ಷೆ, ಸದ್ಭಾವದಿಂದ ನಡೆದ ಅಧಿಕಾರಿಯ ಮೇಲೆ ದಾವೆಯಿಲ್ಲ. ರೋಗಿಗೆ ಸರಕಾರವು ಏನು ಮಾಡಿಕೊಡತಕ್ಕದ್ದೆಂಬುದಕ್ಕೆ ಅದರಲ್ಲಿ ಒಂದು ಸಾಲೂ ಇಲ್ಲ.

ಪುಣೆಯಲ್ಲಿ ಗೋರಾ ಸೋಲ್ಜರರು ಮನೆಮನೆಯನ್ನು ಹೊಕ್ಕು ಶೋಧಿಸಿದರು. ಪರಪುರುಷರ ಮುಂದೆ ಹೆಂಗಸರ ಮೈ ಪರೀಕ್ಷೆಯಾಗುವುದೆಂಬ ಭಯದಿಂದ ಜನರು ಬೇನೆಯವರನ್ನು ಅಡಗಿಸಿಟ್ಟರು. 1897ರ ಜೂನ್ 22ರ ರಾತ್ರಿ ಚಾಪೇಕರ ಸಹೋದರರು ಪ್ಲೇಗಿನ ಅಧಿಕಾರಿ ರ್‍ಯಾಂಡನ ಮೇಲೆ ಗುಂಡು ಹಾರಿಸಿದರು. ಕೊಲೆಯನ್ನು ನಾನು ಹೊಗಳಲಾರೆನು. ಆದರೆ ಔಷಧವನ್ನು ಬಂದೂಕಿನೊಡನೆ ಕಳಿಸಿದರೆ ಜನರು ಬಂದೂಕನ್ನೇ ನೋಡುವರು.

ಮೊಂಡುತನವೇ ಇದಕ್ಕೆ ಕಾರಣವೆಂದು ಹಲವರು ಬರೆದರು. ಅದು ನ್ಯಾಯವಲ್ಲ. ಹುಬ್ಬಳ್ಳಿಯಲ್ಲಿ 1898ರಲ್ಲಿ ಸಾವಿರಾರು ಜನರು ಹಾಫ್‌ಕಿನ್ನರ ಲಸಿಕೆಯನ್ನು ಚುಚ್ಚಿಸಿಕೊಂಡರು. ಇನ್ನು ಇಲಿ ಬಿದ್ದಿತೆಂದೊಡನೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ನಮ್ಮ ನಾಡಿನ ಹಳ್ಳಿಗರು ಚಿಗಟಗಳಿಂದ ದೂರ ಸರಿಯುತ್ತಿದ್ದರು; ಅವರ ಈ ಪದ್ಧತಿ ಸೋಲ್ಜರರ ಶೋಧಕ್ಕಿಂತ ಮೇಲಾಗಿತ್ತೆಂದೇ ನನ್ನ ಎಣಿಕೆ.

ಪ್ಲೇಗು ತಂದ ರೈಲಿನ ಹಾದಿಯಲ್ಲಿಯೇ ನಮ್ಮ ಕಡೆಯ ರೋಗಿಗಳು ಮಿರಜಿನ ಮಿಶನ್ ಆಸ್ಪತ್ರೆಗೂ ಹೋಗಿ ಬಂದರು. ಮಿಶನ್ನಿನವರು ಆಂಗ್ಲ ಆಳ್ವಿಕೆಯ ನೆರಳಿನಲ್ಲಿಯೇ ಇದ್ದರೆಂಬುದನ್ನು ಮರೆಮಾಚತಕ್ಕದ್ದಲ್ಲ. ಆದರೂ ಹೆಣ್ಣುಮಕ್ಕಳಿಗೆ ದಾದಿಯ ವಿದ್ಯೆಯನ್ನು ಕಲಿಸಿದವರಲ್ಲಿ ಅವರೂ ಇದ್ದರು. ಅದು ಸಾಲುವಷ್ಟಿರಲಿಲ್ಲ. 1946ರಲ್ಲಿ ಭೋರ್ ಸಮಿತಿಯು ಕೊಟ್ಟ ಲೆಕ್ಕದಂತೆ 6,300 ಜನರಿಗೆ ಒಬ್ಬ ವೈದ್ಯ, 43,000 ಜನರಿಗೆ ಒಬ್ಬಳು ದಾದಿ. ಸ್ವತಂತ್ರ ರಾಷ್ಟ್ರದ ಕೈಗೆ ಬಂದ ಆಸ್ತಿಯಲ್ಲಿ ಕಾಯಿದೆಯಿತ್ತು, ಅದನ್ನು ನಡೆಸುವ ಕಲೆಕ್ಟರನಿದ್ದನು. ಹಳ್ಳಿಯ ಬಾಗಿಲಿಗೆ ಬರುವ ದಾದಿ ಮಾತ್ರ ಇರಲಿಲ್ಲ. ಇದು ನಮ್ಮೊಬ್ಬರ ಪಾಡಲ್ಲ. 1961ರಲ್ಲಿ ಆಂಗ್ಲರಿಂದ ಬಿಡುಗಡೆ ಹೊಂದಿದ ಆಫ್ರಿಕದ ಸಿಯೆರಾ ಲಿಯೋನಿನಲ್ಲಿ 2014ರಲ್ಲಿ ಎಬೋಲಾ ಹರಡಿದಾಗಲೂ ವೈದ್ಯರು ವಿರಳರಾಗಿದ್ದರು, ರೋಗಿಗಳನ್ನು ಮನೆಗಳಲ್ಲಿ ಅಡಗಿಸಿಟ್ಟರು.

2020ರಲ್ಲಿ ಕೋವಿಡ್ ಬಂದಾಗ 123 ವರುಷಗಳ ಹಿಂದಿನ ಅದೇ ಪ್ಲೇಗಿನ ಕಾಯಿದೆಯನ್ನು ಮತ್ತೆ ಹೊರತೆಗೆದರು. ಕರ್ನಾಟಕವು ಅದೇ ವರುಷ ತನ್ನದೇ ಕಾಯಿದೆಯನ್ನು ಮಾಡಿಕೊಂಡಿತು. ಆದರೆ ಪ್ರಿಯ ವಾಚಕಿಯರೇ, ಈ ಸಲ ಮನೆಮನೆಗೆ ಹೋಗಿ ಜ್ವರವನ್ನು ವಿಚಾರಿಸಿದವರು ಸೋಲ್ಜರರಲ್ಲ, ಆಶಾ ಕಾರ್ಯಕರ್ತೆಯರು. ಹೆಚ್ಚಿನವರು ಅದೇ ಊರಿನ ಸೊಸೆಯಂದಿರು, ಯಾರ ಮನೆಯಲ್ಲಿ ಬಸುರಿಯಿದ್ದಾಳೆ, ಯಾರ ಮನೆಯಲ್ಲಿ ಮುದುಕರಿದ್ದಾರೆಂದು ಬಲ್ಲವರು. ಆ ವರುಷದ ಜುಲೈಯಲ್ಲಿ ಅವರು ತಿಂಗಳಿಗೆ 12,000 ರೂಪಾಯಿಗಳ ಗೌರವಧನವನ್ನು ಬೇಡಿ ಕೆಲಸ ನಿಲ್ಲಿಸಿದರು. ಸರಕಾರದ ದಫ್ತರದಲ್ಲಿ ಅವರ ಹೆಸರು ಇಂದಿಗೂ ನೌಕರರ ಪಟ್ಟಿಯಲ್ಲಿಲ್ಲ. ಸ್ವಯಂಸೇವಕಿಯರೆಂದೇ ಅವರನ್ನು ಎಣಿಸುತ್ತಾರೆ.