ಮಕ್ಕಳಿಲ್ಲವೆಂಬ ಕಾರಣ ಮತ್ತು ವಿವಾಹ ವಿಚ್ಛೇದನ

ಕುಟುಂಬ ಕಲ್ಯಾಣವೆಂದರೆ ಕೇವಲ ಸಂತಾನ ನಿಯಂತ್ರಣವೆಂದು ಭಾವಿಸುವವರು ಬಹಳ ಮಂದಿ ಇದ್ದಾರೆ. ಮಕ್ಕಳಿಲ್ಲದ ದಂಪತಿಗಳ ಕ್ಷೇಮವೂ ಅದರ ಒಂದು ಅಂಗವೇ ಆಗಿದೆ. ಮಕ್ಕಳಾಗಲಿಲ್ಲವೆಂಬ ಒಂದೇ ಕಾರಣದಿಂದ ಮನೆಗಳು ಒಡೆಯುವುದುಂಟು. ಆದುದರಿಂದ ಈ ವಿಷಯದಲ್ಲಿ ವೈದ್ಯಶಾಸ್ತ್ರ ಮತ್ತು ಕಾನೂನು ಏನು ಹೇಳುತ್ತವೆ ಎಂಬುದನ್ನು ಪ್ರತಿಯೊಬ್ಬರೂ ಅರಿತಿರುವುದು ಅವಶ್ಯಕ.

ಕೋಲಾರ ತಾಲ್ಲೂಕಿನ ಹುತ್ತೂರು ಕಡೆಯ ಹೆಣ್ಣುಮಗಳೊಬ್ಬಳು ಒಮ್ಮೆ ತಾಯಿಯೊಡನೆ ನನ್ನಲ್ಲಿಗೆ ಬಂದಳು. ಮದುವೆಯಾಗಿ ಆರು ವರ್ಷಗಳಾಗಿದ್ದವು. ಮಕ್ಕಳಾಗಲಿಲ್ಲವೆಂದು ಹಿರಿಯರು ಪಂಚಾಯಿತಿ ಸೇರಿಸಿ, “ಇಂದಿನಿಂದ ಒಬ್ಬರಿಗೊಬ್ಬರು ಸಂಬಂಧವಿಲ್ಲ” ಎಂದು ಛಾಪಾ ಕಾಗದದ ಮೇಲೆ ಬರೆಸಿ ಇಬ್ಬರ ಸಹಿ ಪಡೆದಿದ್ದರು. ಗಂಡನಿಗೆ ಬೇರೆ ಹೆಣ್ಣು ನೋಡುವ ಮಾತು ನಡೆದಿತ್ತು. “ಸಾರ್, ನನ್ನಲ್ಲಿ ಏನೂ ದೋಷ ಇಲ್ಲ ಅಂತ ಬರೆದುಕೊಡಿ” ಎಂದು ಆಕೆ ಬೇಡಿದಳು. ಆಕೆಗೆ ಹಲವು ಕಡೆ ಚಿಕಿತ್ಸೆಯಾಗಿತ್ತು. ಗಂಡನನ್ನು ಒಮ್ಮೆಯೂ ಪರೀಕ್ಷಿಸಿರಲಿಲ್ಲ.

ವೈದ್ಯಶಾಸ್ತ್ರದ ದೃಷ್ಟಿ

ಗರ್ಭನಿರೋಧಕ ಕ್ರಮಗಳನ್ನು ಅನುಸರಿಸದೆ ಒಂದು ವರ್ಷ ಕೂಡಿ ಬಾಳಿದರೂ ಗರ್ಭ ನಿಲ್ಲದಿದ್ದಲ್ಲಿ ದಂಪತಿಗಳಿಬ್ಬರೂ ಪರೀಕ್ಷೆಗೆ ಒಳಗಾಗಬೇಕು. ಇಂತಹ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಪುರುಷನ ಕಡೆಯ ಕಾರಣವೂ ಇರುತ್ತದೆ. ವೀರ್ಯ ಪರೀಕ್ಷೆ ಸರಳವಾದುದು, ನೋವಿಲ್ಲದ್ದು. ಅದನ್ನು ಮಾಡಿಸದೆ ಹೆಂಡತಿಯನ್ನು ಬಂಜೆ ಎನ್ನುವುದು ಅಜ್ಞಾನವಷ್ಟೇ ಅಲ್ಲ, ಅನ್ಯಾಯವೂ ಹೌದು.

ಕಾನೂನಿನ ದೃಷ್ಟಿ

1955ರ ಹಿಂದೂ ವಿವಾಹ ಅಧಿನಿಯಮದ 13ನೆಯ ಪ್ರಕರಣವು ವಿಚ್ಛೇದನಕ್ಕೆ ಕಾರಣಗಳನ್ನು ಹೇಳುತ್ತದೆ. ವ್ಯಭಿಚಾರ, ಕ್ರೌರ್ಯ, ಎರಡು ವರ್ಷಗಳ ಪರಿತ್ಯಾಗ, ಮತಾಂತರ, ತೀವ್ರ ಮಾನಸಿಕ ಅಸ್ವಸ್ಥತೆ ಮೊದಲಾದವು ಅದರಲ್ಲಿವೆ. ಮಕ್ಕಳಿಲ್ಲದಿರುವುದು ಅದರಲ್ಲಿ ಇಲ್ಲ. ಮೊದಲು ಕುಷ್ಠರೋಗವೂ ಒಂದು ಕಾರಣವಾಗಿತ್ತು. ಅದು ಔಷಧದಿಂದ ಗುಣವಾಗುವ ರೋಗವಾದ್ದರಿಂದ 2019ರಲ್ಲಿ ಅದನ್ನು ತೆಗೆದುಹಾಕಲಾಯಿತು. ಇಬ್ಬರೂ ಮನಃಪೂರ್ವಕವಾಗಿ ಬೇರೆಯಾಗಲು ಬಯಸಿದರೆ, 1976ರಲ್ಲಿ ಸೇರಿಸಲಾದ 13-ಬಿ ಪ್ರಕರಣದಂತೆ ನ್ಯಾಯಾಲಯಕ್ಕೆ ಅರ್ಜಿ ಕೊಡಬಹುದು. ಅದಕ್ಕೆ ಮುನ್ನ ಒಂದು ವರ್ಷ ಬೇರೆ ವಾಸಿಸಿರಬೇಕು. ಅರ್ಜಿಯ ನಂತರದ ಆರು ತಿಂಗಳ ಕಾಯುವಿಕೆಯನ್ನು ತಕ್ಕ ಸಂದರ್ಭದಲ್ಲಿ ಮನ್ನಾ ಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ತಿಳಿಸಿದೆ. ಮುಸ್ಲಿಮರಿಗೆ ಮತ್ತು ಕ್ರೈಸ್ತರಿಗೆ ಬೇರೆ ಕಾನೂನುಗಳಿವೆ.

ಪಂಚಾಯಿತಿಯ ಕಾಗದ

ವಿಚ್ಛೇದನದ ಪದ್ಧತಿ ಹಿಂದಿನಿಂದಲೂ ಇರುವ ಸಮುದಾಯಗಳಲ್ಲಿ ಆ ಪದ್ಧತಿಯನ್ನು ಕಾನೂನು ಮಾನ್ಯ ಮಾಡುತ್ತದೆ. ಆದರೆ ಅದನ್ನು ಸಾಕ್ಷ್ಯದಿಂದ ಸಿದ್ಧಪಡಿಸಬೇಕು. ಉಳಿದಂತೆ ಹಿರಿಯರು ಬರೆಸಿದ ಕಾಗದವು ವಿಚ್ಛೇದನವಲ್ಲ. ಅದನ್ನು ನಂಬಿ ಮತ್ತೊಂದು ಮದುವೆಯಾದರೆ ಆ ಮದುವೆ ಅಸಿಂಧು. ಭಾರತೀಯ ನ್ಯಾಯ ಸಂಹಿತೆಯ 82ನೆಯ ಪ್ರಕರಣದಂತೆ ಏಳು ವರ್ಷಗಳವರೆಗೆ ಶಿಕ್ಷೆಯೂ ಆಗಬಹುದು. ಎರಡನೆಯವಳಾಗಿ ಬಂದ ಹೆಣ್ಣುಮಗಳಿಗೂ ಧರ್ಮಪತ್ನಿಯ ಸ್ಥಾನ ದೊರೆಯದು. ಆಕೆಯ ಮಕ್ಕಳನ್ನು ಮಾತ್ರ ಕಾನೂನು ಔರಸ ಮಕ್ಕಳೆಂದೇ ಪರಿಗಣಿಸುತ್ತದೆ.

ಇನ್ನೊಂದು ಅಪಾಯವೂ ಉಂಟು. ತನ್ನನ್ನು ತಾನು ಪೋಷಿಸಿಕೊಳ್ಳಲಾಗದ ಹೆಂಡತಿ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಪ್ರಕರಣದಂತೆ ಗಂಡನಿಂದ ಜೀವನಾಂಶ ಕೇಳಬಹುದು. 2024ರ ಜುಲೈ 1ಕ್ಕೆ ಮೊದಲು ಇದೇ ಹಕ್ಕು ಹಳೆಯ ಸಂಹಿತೆಯ 125ನೆಯ ಪ್ರಕರಣದಲ್ಲಿತ್ತು. ಆದರೆ ಪರಸ್ಪರ ಒಪ್ಪಿಗೆಯಿಂದ ಬೇರೆ ವಾಸಿಸುವ ಹೆಂಡತಿಗೆ ಇದು ಸಲ್ಲದು. ಪಂಚಾಯಿತಿಯಲ್ಲಿ ಹಾಕಿದ ಸಹಿಯನ್ನೇ ತೋರಿಸಿ ಗಂಡನ ಕಡೆಯವರು ಹಾಗೆ ವಾದಿಸಬಹುದು. ಆದ್ದರಿಂದ ವಕೀಲರ ಸಲಹೆಯಿಲ್ಲದೆ ಇಂತಹ ಕಾಗದಕ್ಕೆ ಯಾರೂ ಸಹಿ ಹಾಕಬಾರದು.

ಇದು ಒಂದೆರಡು ಮನೆಗಳ ಮಾತಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ವಿಚ್ಛೇದನ ಪಡೆದವರು ಸುಮಾರು 13.6 ಲಕ್ಷ, ವಿಚ್ಛೇದನವಿಲ್ಲದೆ ಬೇರೆಯಾಗಿ ಉಳಿದವರು ಅದರ ಎರಡೂವರೆ ಪಟ್ಟು. ಇವರು ಅತ್ತ ಸಂಸಾರವೂ ಇಲ್ಲದೆ, ಇತ್ತ ಬಿಡುಗಡೆಯೂ ಇಲ್ಲದೆ ಇರುವವರು.

ಏನು ಮಾಡಬೇಕು?

1. ಮೊದಲು ದಂಪತಿಗಳಿಬ್ಬರೂ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿಕೊಳ್ಳಬೇಕು.

2. ಮನಸ್ತಾಪ ಮುಂದುವರಿದರೆ ಕೋಲಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕಾಣಬೇಕು. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಅಲ್ಲಿ ವಕೀಲರ ನೆರವು ಉಚಿತ. 15100ಕ್ಕೆ ದೂರವಾಣಿ ಮಾಡಿಯೂ ಸಲಹೆ ಪಡೆಯಬಹುದು.

3. ಮದುವೆಯ ಆಮಂತ್ರಣ ಪತ್ರಿಕೆ, ಛಾಯಾಚಿತ್ರ, ಪಡಿತರ ಚೀಟಿ, ಚಿಕಿತ್ಸೆಯ ಚೀಟಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

ಆ ಹೆಣ್ಣುಮಗಳಿಗೆ ಪರೀಕ್ಷೆಯ ವರದಿಯ ಜೊತೆಗೆ ಈ ಮೂರು ಮಾತುಗಳನ್ನೂ ಬರೆದುಕೊಟ್ಟೆ. ತಿಂಗಳೊಳಗೆ ಆಶಾ ಕಾರ್ಯಕರ್ತೆಯ ಒತ್ತಾಯದಿಂದ ಗಂಡನೂ ಪರೀಕ್ಷೆಗೆ ಬಂದ. ಅದರ ಫಲಿತಾಂಶ ಅವರಿಬ್ಬರಿಗೆ ಸೇರಿದ್ದು, ಇಲ್ಲಿ ಬರೆಯತಕ್ಕದ್ದಲ್ಲ. ಆದರೆ ಐದು ವರ್ಷಗಳ ಹಿಂದೆಯೇ ಆಗಬೇಕಾಗಿದ್ದ ಈ ಪರೀಕ್ಷೆಯು ಹೆಣ್ಣಿನ ಬಾಳು ಒಡೆಯುವ ಹಂತಕ್ಕೆ ಬಂದಮೇಲೆ ಆಯಿತು ಎಂಬುದನ್ನು ಓದುಗರು ಮರೆಯಬಾರದು.