ಗಾಳಿ ಬಂದು ಹೋಯ್ತು, ನಷ್ಟ ಎಷ್ಟಾಯ್ತು?



ಕರಾವಳಿಯ ಜನರಿಗೆ ಕಡಲೇ ಗದ್ದೆ, ಕಡಲೇ ಅನ್ನ. ಆದರೆ ಕಡಲು ಮುನಿದರೆ ಏನು ಗತಿ?

2021ರ ಮೇ ತಿಂಗಳಲ್ಲಿ ಅರಬ್ಬಿ ಸಮುದ್ರದಲ್ಲಿ ಒಂದು ಚಂಡಮಾರುತ ಎದ್ದಿತು. ಅದರ ಹೆಸರು ತೌಕ್ತೆ. ಮೇ 17ರ ರಾತ್ರಿ ಅದು ಗುಜರಾತಿನ ದಡ ಮುಟ್ಟಿತು. ಅದಕ್ಕೂ ಮುಂಚೆ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ದಡಕ್ಕೆ ದೊಡ್ಡ ಅಲೆಗಳು ಬಡಿದವು. ಮನೆ, ದೋಣಿ, ಬಲೆಗಳು ಹಾಳಾದವು.

ಮೇ ತಿಂಗಳು ಮೀನುಗಾರರಿಗೆ ದುಡಿಮೆಯ ಕೊನೆಯ ತಿಂಗಳು. ಜೂನ್ 1ರಿಂದ ಜುಲೈ 31ರ ತನಕ, ಅಂದರೆ 61 ದಿನ, ಯಂತ್ರದ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮಳೆಗಾಲಕ್ಕೆ ಅಂತ ಹೆಂಗಸರು ಮೀನು ಒಣಗಿಸುವುದೂ ಬೇಸಿಗೆಯಲ್ಲೇ.

ದೋಣಿ ಒಡೆದರೆ ಎಲ್ಲರಿಗೂ ಕಾಣುತ್ತದೆ. ಒಂದು ಚೀಲ ಒಣಮೀನು ಕೊಚ್ಚಿಹೋದರೆ ಯಾರಿಗೆ ಕಾಣುತ್ತದೆ? ಅದನ್ನು ನಾವೇ ಬರೆದಿಡಬೇಕು.

ನಷ್ಟದಲ್ಲಿ ಮೂರು ಬಗೆ.

1. ಹಾಳಾದ ವಸ್ತು
2. ನಿಂತುಹೋದ ಸಂಪಾದನೆ
3. ಮೇಲೆ ಬಿದ್ದ ಖರ್ಚು

ಬನ್ನಿ, ಲೆಕ್ಕ ಹಾಕೋಣ. ಗಿರಿಜಕ್ಕ ಅಂತ ಒಬ್ಬ ಮೀನು ಮಾರುವಾಕೆ ಇದ್ದಾಳೆ ಎಂದು ಇಟ್ಟುಕೊಳ್ಳೋಣ.

ಅವಳ ಒಣಮೀನು ನೀರುಪಾಲಾಯ್ತು. ಮೀನು ಕೊಂಡ ಹಣ, ಉಪ್ಪಿನ ಹಣ ಸೇರಿ 4,000 ರೂಪಾಯಿ. ಬುಟ್ಟಿ, ಕತ್ತಿ, ಚಾಪೆ ಸೇರಿ 400 ರೂಪಾಯಿ. ಒಟ್ಟು 4,400 ರೂಪಾಯಿ.

ಗಾಳಿಯಿಂದ 12 ದಿನ ವ್ಯಾಪಾರ ನಿಂತಿತು. ದಿನಕ್ಕೆ 900 ರೂಪಾಯಿ ಮೀನು ಮಾರುತ್ತಿದ್ದಳು. ಹಾಗಾದರೆ ದಿನದ ನಷ್ಟ 900 ರೂಪಾಯಿಯೇ? ಅಲ್ಲ. ಮೀನು ಕೊಳ್ಳಲು, ಬಸ್ಸಿಗೆ 650 ರೂಪಾಯಿ ಖರ್ಚಾಗುತ್ತಿತ್ತು. ಕೈಗೆ ಉಳಿಯುತ್ತಿದ್ದುದು 250 ರೂಪಾಯಿ. 12 ದಿನಕ್ಕೆ 3,000 ರೂಪಾಯಿ.

ಮನೆ ನಡೆಸಲು 5,000 ರೂಪಾಯಿ ಸಾಲ ಮಾಡಿದಳು. ಬಡ್ಡಿ ತಿಂಗಳಿಗೆ ನೂರಕ್ಕೆ 3 ರೂಪಾಯಿ. ಎರಡು ತಿಂಗಳಿಗೆ 300 ರೂಪಾಯಿ ಬಡ್ಡಿ. ಸಾಲದ ಹಣ ಅವಳ ಕೈಗೆ ಬಂದಿದೆ. ಆದ್ದರಿಂದ ಬಡ್ಡಿ ಮಾತ್ರ ನಷ್ಟ.

ಕೂಡಿಸೋಣ:
4,400 + 3,000 + 300 = 7,700 ರೂಪಾಯಿ.

ನೋಡಿದಿರಾ? ವಸ್ತು ಮಾತ್ರ ಎಣಿಸಿದ್ದರೆ 3,300 ರೂಪಾಯಿ ಲೆಕ್ಕಕ್ಕೇ ಸಿಗುತ್ತಿರಲಿಲ್ಲ.

ಒಂದು ಮಾತು ನೆನಪಿಡಿ. ಪ್ರತಿ ವರ್ಷವೂ ಬೋಟು ನಿಲ್ಲುವ ದಿನಗಳನ್ನು ಗಾಳಿಯ ನಷ್ಟಕ್ಕೆ ಸೇರಿಸಬಾರದು. ಆ 12 ದಿನಗಳಲ್ಲಿ ಬೇರೆ ಕೂಲಿ ಸಿಕ್ಕಿದ್ದರೆ ಅದನ್ನು ಕಳೆಯಬೇಕು. ಲೆಕ್ಕ ಸರಿಯಿದ್ದರೆ ನಮ್ಮ ಮಾತಿಗೆ ತೂಕ ಬರುತ್ತದೆ.

ಸರಕಾರದ ವಿಪತ್ತು ಪರಿಹಾರದ ನಿಯಮದಲ್ಲಿ ದೋಣಿ, ಬಲೆಗೆ ನೆರವು ಉಂಟು. ಬರೆದ ಕೂಡಲೇ ಎಲ್ಲ ನಷ್ಟಕ್ಕೂ ಹಣ ಬರುತ್ತದೆ ಅಂತಲ್ಲ. ಆದರೆ ಬರೆಯದ ನಷ್ಟವನ್ನು ಕೇಳುವುದಾದರೂ ಹೇಗೆ? ದಿನದ ಖರ್ಚು, ದಿನದ ಮಾರಾಟ ಒಂದು ಪುಸ್ತಕದಲ್ಲಿ ಇರಲಿ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎತ್ತರದಲ್ಲಿ ಇಡಿ. ಅಧಿಕಾರಿಗಳು ನೋಡಲು ಬಂದಾಗ ಪುಸ್ತಕ ತೋರಿಸಿ. ಅವರು ಬರೆದುದನ್ನು ಓದಿ, ಆಮೇಲೆ ಸಹಿ ಹಾಕಿ.

ಓದಿ, ಬರೆಯಿರಿ

1. ನಷ್ಟದ ಮೂರು ಬಗೆ ಯಾವುವು?
2. ಒಬ್ಬಾಕೆಗೆ ದಿನಕ್ಕೆ 200 ರೂಪಾಯಿ ಉಳಿಯುತ್ತಿತ್ತು. 8 ದಿನ ವ್ಯಾಪಾರ ನಿಂತರೆ ನಷ್ಟ ಎಷ್ಟು?
3. ಇಂದಿನ ನಿಮ್ಮ ಖರ್ಚು ಎಷ್ಟು, ಉಳಿದದ್ದು ಎಷ್ಟು? ಬರೆಯಿರಿ.